ಕೋಲಿಗೊಂದು ಹೆಸರು, ಕಲ್ಲಿಗೊಂದು ಮುದ್ರೆ: ಭೂಮಿ ಅಳೆದವರ ಬಿರುದುಗಳು

ಕರ್ನಾಟಕದಲ್ಲಿ ತನ್ನ ಕಸುಬಿನ ಹೆಸರನ್ನು ಬಂಡೆಯ ಮೇಲೆ ಬರೆದುಕೊಂಡವರಲ್ಲಿ ನಮಗೆ ಗೊತ್ತಿರುವ ಮೊದಲಿಗ ಚಪಡ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳನ್ನು ಬರೆದವನು ಅವನು. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ‘ಲಿಪಿಕರ’ ಅಂತ ತನ್ನ ಕಸುಬನ್ನು ಹೇಳುವ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಲಿಪಿ ಚಲಾವಣೆಯಲ್ಲಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಚಿತ್ರದುರ್ಗದ ಬಂಡೆಯ ಮುಂದೆ ನಿಂತವರಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಾರು? ಓದಲಿ ಅಂತ ಬರೆದದ್ದಲ್ಲ ಅದು, ಗುರುತಾಗಿ ಹಾಕಿದ್ದು ಅಂತ ನನಗೆ ಅನ್ನಿಸುತ್ತದೆ. ಹದಿನೈದು ಶತಮಾನ ಆದಮೇಲೆ ಹೊಯ್ಸಳರ ಗುಡಿಗಳಲ್ಲಿ ರೂವಾರಿ ಮಲ್ಲಿತಮ್ಮ ತನ್ನ ಹೆಸರನ್ನು ‘ಮಲ್ಲಿ’ ಎಂದೋ ಬರೀ ‘ಮ’ ಎಂದೋ ಮೂರ್ತಿಯ ಪೀಠದ ಮೇಲೆ ಕೊರೆಯುತ್ತಾನಲ್ಲ, ಅದೇ ಜಾತಿಯದು.

ಬರೆದವನ ಗುರುತು, ಕಡೆದವನ ಗುರುತು ಸಿಗುತ್ತದೆ. ಹಾಗಾದರೆ ದಾನಶಾಸನಗಳ ಜೀವಾಳವಾದ ಭೂಮಿಯನ್ನು ಅಳೆದವನ ಗುರುತು ಏನಾಯಿತು? ಇವತ್ತು ಭೂಮಿಯ ಸುತ್ತ ಇರುವಷ್ಟು ಬಿರುದುಗಳು ಬೇರೆ ಯಾವ ವ್ಯವಹಾರದ ಸುತ್ತಲೂ ಇರಲಾರವು: ಸರ್ವೇಯರ್, ರಿಯಲ್ಟರ್, ಡೆವಲಪರ್, ಲ್ಯಾಂಡ್ ಕನ್ಸಲ್ಟೆಂಟ್. ಇದರಲ್ಲಿ ಕೆಲವಕ್ಕೆ ಸರ್ಕಾರದ ಪರವಾನಗಿ ಬೇಕು, ಒಂದಕ್ಕೆ ಅಮೆರಿಕದ ಸಂಘವೊಂದರ ಟ್ರೇಡ್‌ಮಾರ್ಕ್ ಇದೆ, ಉಳಿದವನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು. ಶಾಸನಗಳ ಕಾಲದಲ್ಲಿ ಈ ನಂಬಿಕೆಯ ಮುದ್ರೆ ಯಾವುದರ ಮೇಲೆ ಬೀಳುತ್ತಿತ್ತು ಅನ್ನುವುದನ್ನು ನೋಡಬೇಕು ಅಂತ ಬಹಳ ದಿನದಿಂದ ಇತ್ತು.

ಅಶೋಕನಿಂದಲೇ ಹಿಡಿಯೋಣ. ಅವನ ಶಾಸನಗಳಲ್ಲಿ ‘ರಾಜುಕ’ ಅಥವಾ ‘ರಜುಕ’ ಎಂಬ ಅಧಿಕಾರಿ ಬರುತ್ತಾನೆ. ನಾಲ್ಕನೆಯ ಸ್ತಂಭಶಾಸನದ ಪ್ರಕಾರ ಲಕ್ಷಾಂತರ ಜನರ ಮೇಲ್ವಿಚಾರಣೆ, ದಂಡ ವಿಧಿಸುವ ಸ್ವಾತಂತ್ರ್ಯ ಎರಡೂ ಅವನಿಗಿದ್ದವು. ಈ ಹೆಸರನ್ನು ಬ್ಯೂಲರ್ ಅವರು ‘ರಜ್ಜು’ ಪದಕ್ಕೆ ಜೋಡಿಸಿದರು. ರಜ್ಜು ಎಂದರೆ ಹಗ್ಗ. ಹಗ್ಗ ಹಿಡಿದು ಹೊಲ ಅಳೆಯುವವನೇ ಮುಂದೆ ದೊಡ್ಡ ಅಧಿಕಾರಿಯಾದ ಅನ್ನುವುದು ಹೆಚ್ಚಿನ ವಿದ್ವಾಂಸರು ಒಪ್ಪಿದ ವಿವರಣೆ. ಪಾಲಿ ಜಾತಕ ಕಥೆಗಳಲ್ಲಿ ‘ರಜ್ಜುಗಾಹಕ ಅಮಚ್ಚ’, ಅಂದರೆ ಹಗ್ಗ ಹಿಡಿಯುವ ಅಮಾತ್ಯ, ಅಂತಲೇ ಒಬ್ಬ ಇದ್ದಾನೆ.

ಆ ಕಥೆಯನ್ನು ಇಲ್ಲಿ ಹೇಳಲೇಬೇಕು. ಕುರುಧಮ್ಮ ಜಾತಕದ್ದು. ಅಮಾತ್ಯ ಒಂದು ಹೊಲ ಅಳೆಯುತ್ತಿದ್ದಾನೆ. ಹಗ್ಗದ ಒಂದು ತುದಿ ಹೊಲದ ಯಜಮಾನನ ಕೈಯಲ್ಲಿ, ಇನ್ನೊಂದು ಇವನ ಕೈಯಲ್ಲಿ. ಗೂಟ ನೆಡಬೇಕಾದ ಜಾಗಕ್ಕೆ ಸರಿಯಾಗಿ ಒಂದು ಏಡಿಯ ಬಿಲ ಬಂತು. ಬಿಲದೊಳಗೆ ಗೂಟ ಹೊಡೆದರೆ ಏಡಿ ಸಾಯುತ್ತದೆ. ಒಂದು ಪಕ್ಕಕ್ಕೆ ನೆಟ್ಟರೆ ಅರಸನಿಗೆ ನಷ್ಟ, ಇನ್ನೊಂದು ಪಕ್ಕಕ್ಕೆ ನೆಟ್ಟರೆ ರೈತನಿಗೆ ನಷ್ಟ. ಏಡಿ ಒಳಗಿದ್ದರೆ ಇಷ್ಟು ಹೊತ್ತಿಗೆ ಕಾಣಿಸಬೇಕಿತ್ತು ಅಂದುಕೊಂಡು ಬಿಲಕ್ಕೇ ಗೂಟ ಇಳಿಸಿದ. ಒಳಗಿನಿಂದ ಏಡಿ ಕಿರಿ ಅಂತ ಸದ್ದು ಮಾಡಿತು. ತನ್ನ ಶೀಲಕ್ಕೆ ಕಲೆ ಹತ್ತಿತು ಅಂತ ಆ ಅಮಾತ್ಯ ಆಮೇಲೆ ಕೊರಗುತ್ತಾನೆ. ಭೂಮಾಪನದ ಕಸುಬು ಏನು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಬರಹ ನನಗೆ ಸಿಕ್ಕಿಲ್ಲ. ಹಗ್ಗದ ಒಂದು ತುದಿ ಯಜಮಾನನ ಕೈಯಲ್ಲೇ ಇತ್ತು ಅನ್ನುವ ವಿವರ ಗಮನಿಸಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕನ್ನಡ ಶಾಸನಗಳಿಗೆ ಬರೋಣ. ನಾನು ಓದಿದ ದಾನಶಾಸನಗಳಲ್ಲಿ ಬರೆದ ಸೇನಬೋವನ ಹೆಸರು ಇರುತ್ತದೆ, ಕಂಡರಿಸಿದ ರೂವಾರಿಯ ಹೆಸರು ಇರುತ್ತದೆ, ಸಾಕ್ಷಿಗಳಾದ ಗಾವುಂಡುಗಳ ಸಾಲೇ ಇರುತ್ತದೆ. ಅಳೆದವನ ಹೆಸರು ತೀರಾ ವಿರಳ. ಆದರೆ ಅಳೆದ ಕೋಲಿನ ಹೆಸರು ಇರುತ್ತದೆ! ಭೇರುಂಡ ಗಳೆಯಲ್ಲಿ ಇಷ್ಟು ಮತ್ತರು, ಕಚ್ಛವಿಯ ಗಳೆಯಲ್ಲಿ ಇಷ್ಟು ಕಮ್ಮ, ಗಡಿಂಬದ ಕೋಲಿನಲ್ಲಿ ಇಷ್ಟು ಗದ್ದೆ, ಹಿರಿಯ ಕೋಲಿನಲ್ಲಿ ಇಷ್ಟು ಬೆದ್ದಲು. ಗಳೆ ಎಂದರೆ ಬಿದಿರ ಕೋಲು, ಇಲ್ಲಿ ಅಳತೆಗೋಲು. ಶಾಸನ ಓದುವವರು ಸಾಮಾನ್ಯವಾಗಿ ರಾಜನ ಹೆಸರು, ತೇದಿ, ದಾನಿ ಇವಿಷ್ಟನ್ನು ಹೆಕ್ಕಿಕೊಂಡು ಈ ಪದವನ್ನು ದಾಟಿಬಿಡುತ್ತಾರೆ.

ಭೇರುಂಡ ಗಳೆಯ ಹಿನ್ನೆಲೆ ಸ್ವಾರಸ್ಯದ್ದು. 1047ರಲ್ಲಿ ಬನವಾಸಿ ಪನ್ನಿರ್ಛಾಸಿರವನ್ನು ಆಳುತ್ತಿದ್ದ ಚಾಮುಂಡರಾಯರಸ, ಬಳ್ಳಿಗಾವೆಯಲ್ಲಿ ಜಗದೇಕಮಲ್ಲೇಶ್ವರ ದೇವರ ಮುಂದೆ ಗಂಡಭೇರುಂಡದ ಕಂಬ ನಿಲ್ಲಿಸಿದ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲ ಅದು. ಮನುಷ್ಯನ ಮೈ, ಎರಡು ಹಕ್ಕಿತಲೆ. ಗಂಡಭೇರುಂಡ ಅನ್ನುವುದು ಈ ಚಾಮುಂಡರಾಯನ ಬಿರುದೂ ಹೌದು. ಆ ಸೀಮೆಯ ಶಾಸನಗಳಲ್ಲಿ ಭೇರುಂಡ ಗಳೆಯ ಅಳತೆ ಸಿಗುತ್ತದೆ, ಈ ಕಂಬಕ್ಕೂ ಗಳೆಗೂ ಸಂಬಂಧ ಕಲ್ಪಿಸಿದವರಿದ್ದಾರೆ. ಉದ್ದದ ವಿಚಾರ ಏನೇ ಇರಲಿ, ಹೆಸರು ಒಂದೇ. ಹಕ್ಕಿ ಅರಸನ ಬಿರುದಾಯಿತು, ಕಂಬದ ಮೇಲೆ ಕೂತಿತು, ರೈತನ ಹೊಲಕ್ಕೆ ಬಂದ ಅಳತೆಗೋಲಿಗೂ ಹೆಸರಾಯಿತು. ಇವತ್ತಿನ ಭಾಷೆಯಲ್ಲಿ ಇದನ್ನು ಬ್ರ್ಯಾಂಡ್ ಅನ್ನದೆ ಏನನ್ನಬೇಕು? ಮೈಸೂರು ಒಡೆಯರ ಲಾಂಛನವಾಗಿ ಅದೇ ಹಕ್ಕಿ ಮುಂದುವರಿದು ಈಗ ಕರ್ನಾಟಕ ಸರ್ಕಾರದ ಲಾಂಛನದ ನಡುವೆ ಕೂತಿದೆ.

ಕೋಲಿಗೆ ಹೆಸರು ಯಾಕೆ ಬೇಕಿತ್ತು ಅಂದರೆ, ಊರಿಂದೂರಿಗೆ ಕೋಲಿನ ಉದ್ದ ಬೇರೆ ಇತ್ತು. ಉದ್ದದಲ್ಲಿ ಒಂದೆರಡು ಗೇಣು ಹೆಚ್ಚುಕಮ್ಮಿ ಆದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಗೇಣಿಗೆ 9 ಅಂಗುಲ ಅಂತ ಇಟ್ಟುಕೊಂಡರೆ 18 ಗೇಣಿನ ಕೋಲು ಹದಿಮೂರೂವರೆ ಅಡಿ, 20 ಗೇಣಿನದು 15 ಅಡಿ. ಕೋಲಿಗೆ ಕೋಲು ಚೌಕ ಮಾಡಿದ 100 ಚೌಕದ ಹೊಲ ಮೊದಲನೆಯದರಲ್ಲಿ 18,225 ಚದರಡಿ, ಎರಡನೆಯದರಲ್ಲಿ 22,500 ಚದರಡಿ. ಕಾಗದದ ಮೇಲೆ ಎರಡೂ ‘ನೂರು’. ನೆಲದ ಮೇಲೆ 4,275 ಚದರಡಿ ವ್ಯತ್ಯಾಸ, ಹೆಚ್ಚುಕಡಿಮೆ ನಾಲ್ಕು ಗುಂಟೆ. ಬೆಂಗಳೂರಿನ ಲೆಕ್ಕದಲ್ಲಿ 30×40ರ ಮೂರೂವರೆ ಸೈಟು! ಹೀಗಿರುವಾಗ ಮತ್ತರು ಎಂದರೆ ಇಷ್ಟೇ ಎಕರೆ ಅಂತ ಒಂದೇ ಅಂಕಿ ಹಾಕಿ ಎಲ್ಲ ಶಾಸನದ ದಾನಗಳನ್ನೂ ಕೂಡಿಸಿ, ಅದರ ಮೇಲೆ ಮಠದ ಆಸ್ತಿ ಇಷ್ಟಿತ್ತು ಅಂತ ತೀರ್ಮಾನ ಬರೆಯುವ ಲೇಖನಗಳನ್ನು ನೋಡಿದರೆ ನನಗೆ ಗಾಬರಿಯಾಗುತ್ತದೆ. ಗಳೆಯ ಹೆಸರಿಲ್ಲದ ಮತ್ತರು ಅರ್ಧ ಮಾಹಿತಿ. ನಾಣ್ಯಕ್ಕೂ ಇದೇ ಮಾತು. ಗದ್ಯಾಣ ಅಂದರೆ ಸಾಲದು, ಲೊಕ್ಕಿಗುಂಡಿಯ ಟಂಕಸಾಲೆಯ ‘ಲೊಕ್ಕಿ ಗದ್ಯಾಣ’ವೋ ಅಲ್ಲವೋ ಅನ್ನುವುದನ್ನು ಬರೆಸಿಕೊಳ್ಳುತ್ತಿದ್ದರು.

ಕೋಲನ್ನು ಎಲ್ಲರೂ ನೋಡಿ ಪರೀಕ್ಷಿಸಬಹುದಿತ್ತು ಅನ್ನುವುದು ಇಲ್ಲಿನ ಮುಖ್ಯ ಸಂಗತಿ. ತಮಿಳುನಾಡಿನ ಹಲವು ಗುಡಿಗಳಲ್ಲಿ ಗೋಡೆಯ ಮೇಲೋ ಅಧಿಷ್ಠಾನದ ಮೇಲೋ ಅಳತೆಗೋಲಿನ ಉದ್ದವನ್ನೇ ಗೆರೆ ಎಳೆದು, ಎರಡು ತುದಿಗೂ ಗುರುತು ಹಾಕಿ ಕೊರೆದಿದ್ದಾರೆ. ಅನುಮಾನ ಬಂದರೆ ನಿಮ್ಮ ಕೋಲು ತಂದು ಗೋಡೆಗೆ ಹಿಡಿದರಾಯಿತು. ಜಾತಕದ ಹಗ್ಗದ ಇನ್ನೊಂದು ತುದಿ ಯಜಮಾನನ ಕೈಯಲ್ಲಿತ್ತು ಅಂದೆನಲ್ಲ, ಅದೇ ವ್ಯವಸ್ಥೆ ಕಲ್ಲಿನ ರೂಪದಲ್ಲಿ ಮುಂದುವರಿಯಿತು.

ಅಳೆದವನಿಗೇ ಭಾರಿ ಬಿರುದು ಸಿಕ್ಕ ಒಂದು ಉದಾಹರಣೆ ಇದೆ, ಅದು ಚೋಳರದು. ಒಂದನೆಯ ರಾಜರಾಜ ಸುಮಾರು 1001ರಲ್ಲಿ ದೊಡ್ಡ ಭೂಮಾಪನ ಮಾಡಿಸಿದ. ಅದರ ಹೊಣೆ ಹೊತ್ತವನ ಹೆಸರು ಸೇನಾಪತಿ ಕುರವನ್ ಉಲಗಳಂದಾನ್. ಉಲಗಳಂದಾನ್ ಎಂದರೆ ಲೋಕವನ್ನು ಅಳೆದವನು. ಮೂರು ಹೆಜ್ಜೆಯ ತ್ರಿವಿಕ್ರಮನ ಹೆಸರು ಅದು. ಸರ್ವೆ ಅಧಿಕಾರಿಗೆ ಇದಕ್ಕಿಂತ ದೊಡ್ಡ ಬಿರುದು ಇನ್ನೇನು ಕೊಡಲಿಕ್ಕಾಗುತ್ತದೆ? ಒಂದನೆಯ ಕುಲೋತ್ತುಂಗ 1086ರಲ್ಲಿ ಮತ್ತೆ ಅಳೆಸಿದ. ಇಂಗ್ಲೆಂಡಿನಲ್ಲಿ ಡೂಮ್ಸ್‌ಡೇ ಸರ್ವೆ ನಡೆದದ್ದೂ ಅದೇ ವರ್ಷ ಅನ್ನುವುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಚೋಳರ ಕಾಲದ ಕೋಲಿಗೂ ‘ಉಲಗಳಂದ ಕೋಲು’ ಎಂಬ ಹೆಸರಿತ್ತು. ಬಿರುದು ಮನುಷ್ಯನ ಮೇಲೆ ನಿಲ್ಲಲಿಲ್ಲ, ಕೊನೆಗೆ ಕೋಲಿಗೇ ಹೋಯಿತು ಅನ್ನುವುದು ನನಗೆ ಇಷ್ಟವಾದ ವಿಷಯ.

ಅದೇ ತ್ರಿವಿಕ್ರಮ ನಮ್ಮಲ್ಲಿ ಗಡಿಕಲ್ಲಿನ ಮೇಲೆ ಬರುತ್ತಾನೆ, ಬೃಹತ್ ರೂಪದಲ್ಲಲ್ಲ, ಕೊಡೆ ಕಮಂಡಲು ಹಿಡಿದ ಪುಟ್ಟ ವಟುವಾಗಿ. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಚತುಸ್ಸೀಮೆಗೆ ವಾಮನಮುದ್ರೆಯ ಕಲ್ಲು ನೆಡಿಸಿಕೊಟ್ಟೆವು ಅನ್ನುವ ಒಕ್ಕಣೆ ಸಾಮಾನ್ಯ. ಬ್ರಾಹ್ಮಣರಿಗೆ ಕೊಟ್ಟ ಅಗ್ರಹಾರಕ್ಕೋ ವಿಷ್ಣು ದೇವಾಲಯಕ್ಕೋ ಸೇರಿದ ಭೂಮಿಗೆ ವಾಮನಮುದ್ರೆ, ಶೈವ ದೇವಾಲಯ ಮತ್ತು ಮಠಗಳಿಗೆ ಲಿಂಗಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ‘ಮುದ್ರೆ’ ಎಂಬ ಮಾತನ್ನು ಶಾಸನಕಾರರೇ ಬಳಸಿದ್ದಾರೆ. ಓದು ಬಾರದವನಿಗೂ ಇದು ಯಾರ ಜಮೀನು ಅಂತ ದೂರದಿಂದಲೇ ತಿಳಿಯಬೇಕು. ಟ್ರೇಡ್‌ಮಾರ್ಕ್ ಮಾಡುವ ಕೆಲಸವೂ ಅದೇ ತಾನೆ? ಆ ಮುದ್ರೆಯ ಒಳಗೆ ಏನೇನು ಹಕ್ಕು ಸೇರಿದೆ ಅನ್ನುವುದನ್ನು ತಾಮ್ರಪಟ ಪಟ್ಟಿ ಮಾಡುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ. ಉಲ್ಲಂಘನೆಗೆ ಶಿಕ್ಷೆಯೂ ಅಲ್ಲೇ ಇದೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವುದು. ಇವತ್ತಿನ ಟ್ರೇಡ್‌ಮಾರ್ಕ್ ವಕೀಲರು ಕೂಡ ಇಷ್ಟು ಕೇಳಲಾರರು.

ಮಲೆನಾಡಿನ ಒಂದು ಹಳ್ಳಿಯಲ್ಲಿ ಲಿಂಗಮುದ್ರೆಯ ಕಲ್ಲನ್ನು ಗುರುತು ಹಾಕಿಕೊಳ್ಳುತ್ತಿದ್ದಾಗ ಅಲ್ಲಿನ ಹಿರಿಯರೊಬ್ಬರು, “ಇದು ಮಠದ ಗಡಿ ಸ್ವಾಮಿ. ಈಚೆ ನಮ್ದು, ಆಚೆ ಅವರ್ದು. ನಮ್ಮಜ್ಜನ ಕಾಲದಿಂದ ನೇಗಿಲು ಇಲ್ಲಿಗೇ ತಿರುಗೋದು” ಅಂದರು. ಮಠ ಈಗ ಅಲ್ಲಿಲ್ಲ, ಆ ಜಮೀನೂ ಎಷ್ಟೋ ಕೈ ಬದಲಾಗಿದೆ. ಆದರೂ ನೇಗಿಲು ತಿರುಗುವ ಜಾಗ ಬದಲಾಗಿರಲಿಲ್ಲ. ಎರಡು ವರ್ಷ ಬಿಟ್ಟು ಹೋದಾಗ ಅಲ್ಲಿ ಬಡಾವಣೆಯಾಗಿತ್ತು. ಕಲ್ಲು ಎಲ್ಲಿ ಅಂತ ಕೇಳಿದರೆ ಕಾಂಪೌಂಡ್ ಪಾಯಕ್ಕೆ ಹೋಯಿತು ಅಂದರು. ಗೇಟಿನ ಮೇಲೆ ಹೊಸ ಲಾಂಛನ ಹೊಳೆಯುತ್ತಿತ್ತು. ಎಪಿಗ್ರಾಫಿಯಾ ಸಂಪುಟಗಳಲ್ಲಿ ಅಕ್ಷರವಿರುವ ಕಲ್ಲಿಗೆ ಜಾಗವಿದೆ; ಬರೀ ಮುದ್ರೆ ಇರುವ ಕಲ್ಲು ಎಷ್ಟೋ ಸಲ ದಾಖಲೆಯೇ ಆಗದೆ ಹೋಗುತ್ತದೆ.

ಇನ್ನು ಮನುಷ್ಯರ ಬಿರುದುಗಳು. ಸೇನಬೋವ, ಪೆರ್ಗಡೆ, ಕರಣ, ಗಾವುಂಡ ಎಲ್ಲ ಶುರುವಿನಲ್ಲಿ ಹುದ್ದೆಯ ಹೆಸರುಗಳು. ಲೆಕ್ಕ ಬರೆಯುವವನು ಸೇನಬೋವ. ಯಾವುದೋ ಊರ ಸೇನಬೋವ ಇಂಥವನು ಬರೆದ ಅಂತ ಶಾಸನದ ಕೊನೆಯಲ್ಲಿ ಬಂದರೆ ಅದು ಜಂಬಕ್ಕಲ್ಲ, ಜವಾಬ್ದಾರಿಗೆ. ನಾಳೆ ತಕರಾರು ಬಂದರೆ ಯಾರನ್ನು ಕೇಳಬೇಕು ಅನ್ನುವುದು ಅಲ್ಲಿದೆ. ಆದರೆ ಹುದ್ದೆ ತಂದೆಯಿಂದ ಮಗನಿಗೆ ಹೋಗುತ್ತ ಹೋಗುತ್ತ ಬಿರುದು ಮನೆಗೆ ಅಂಟಿಕೊಂಡಿತು. ಸೇನಬೋವ ಶಾನುಭೋಗನಾದ, ಪೆರ್ಗಡೆ ಹೆಗ್ಗಡೆಯಾದ, ಗಾವುಂಡ ಗೌಡನಾದ. ಉತ್ತರದ ಕಡೆ ಕುಲಕರ್ಣಿ, ದೇಶಪಾಂಡೆ, ನಾಡಗೌಡ ಸೇರಿಕೊಂಡವು. ಲೆಕ್ಕದ ಕಡತ ಒಂದೇ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತು. ಊರಿನ ಉಳಿದವರು ತಮ್ಮ ಹೊಲದ ಅಳತೆ ತಿಳಿಯಲು ಆ ಮನೆಯ ಜಗುಲಿಯ ಕೆಳಗೆ ನಿಲ್ಲಬೇಕಾಯಿತು. ಶಾನುಭೋಗರ ಲೆಕ್ಕದ ಬಗ್ಗೆ ಹಳ್ಳಿಗಳಲ್ಲಿ ಇರುವ ಕುಹಕದ ಮಾತುಗಳನ್ನು ನೆನೆಸಿಕೊಂಡರೆ ಸಾಕು, ಗೋಡೆಯ ಮೇಲೆ ಕೊರೆದ ಕೋಲಿಗೂ ಪೆಟ್ಟಿಗೆಯೊಳಗಿನ ಕಡತಕ್ಕೂ ಇರುವ ಅಂತರ ತಿಳಿಯುತ್ತದೆ. ಶಾಸನಪ್ರಿಯರಾದ ನಾವು ಈ ಬಿರುದುಗಳನ್ನು ಹೆಮ್ಮೆಯಿಂದ ವಿವರಿಸುವಾಗ ಈ ಮಗ್ಗುಲನ್ನೂ ಹೇಳಬೇಕು. 1961ರ ಗ್ರಾಮ ಕಛೇರಿಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗರ ವಂಶಪಾರಂಪರ್ಯ ಹಕ್ಕು ಹೋಯಿತು. ಅಡ್ಡಹೆಸರು ಮಾತ್ರ ಉಳಿಯಿತು.

ನಡುವೆ ಬ್ರಿಟಿಷರ ಕಾಲದ ಒಂದು ಸಂಗತಿ. ಟಿಪ್ಪು ಬಿದ್ದ ಮೇಲೆ ಮೈಸೂರಿನ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ನಮ್ಮ ಶಾಸನಗಳ ಪ್ರತಿ ಮಾಡಿಸಿ, ಕೈಫಿಯತ್ತುಗಳನ್ನು ಬರೆಸಿ ಕೂಡಿಟ್ಟವನೂ ಅವನೇ. ಕಾವಲಿ ವೆಂಕಟ ಬೋರಯ್ಯನಂಥ ಪಂಡಿತರು ಜೊತೆಗಿದ್ದರು. ನೆಲ ಅಳೆಯಲು ಹೊರಟವನಿಗೆ ಹಳೆಯ ಗಡಿ, ಹಳೆಯ ದಾನ ಗೊತ್ತಾಗಬೇಕಿತ್ತು, ಅದು ಕಲ್ಲಿನಲ್ಲಿ ಬರೆದಿತ್ತು. ನಮ್ಮ ವಿದ್ಯೆ ಸರ್ವೆ ಇಲಾಖೆಯ ಹಿತ್ತಲಿನಲ್ಲಿ ಹುಟ್ಟಿದ್ದು ಅಂತ ನಾನು ತಮಾಷೆಗೆ ಹೇಳುವುದುಂಟು. ಮುಂದೆ ಕೋಲಿನ ಜಾಗಕ್ಕೆ ಸರಪಳಿ ಬಂತು. 33 ಅಡಿಗೆ 33 ಅಡಿ ಒಂದು ಗುಂಟೆ, ಅದರ ಹದಿನಾರನೇ ಒಂದು ಪಾಲು ಆಣೆ, 40 ಗುಂಟೆಗೆ ಎಕರೆ. ಭೇರುಂಡ, ಕಚ್ಛವಿ ಎಲ್ಲ ಒಂದೇ ಏಟಿಗೆ ಅಳಿಸಿಹೋದವು. ಇದು ಒಳ್ಳೆಯದೇ ಆಯಿತು. ಊರಿಗೊಂದು ಕೋಲು ಇಟ್ಟುಕೊಂಡು ನ್ಯಾಯಾಲಯ ನಡೆಸಲು ಆಗುತ್ತಿರಲಿಲ್ಲ.

ಅಳತೆ ಒಂದೇ ಆದಮೇಲೆ ಪೈಪೋಟಿ ಮನುಷ್ಯರ ಬಿರುದಿಗೆ ಹೊರಳಿತು. ‘ರಿಯಲ್ಟರ್’ ಪದದ ಕಥೆ ಈ ದೃಷ್ಟಿಯಿಂದ ನೋಡತಕ್ಕದ್ದು. ಮಿನಿಯಾಪೊಲಿಸ್ ನಗರದ ಚಾರ್ಲ್ಸ್ ಚಾಡ್‌ಬರ್ನ್ ಎಂಬ ಜಮೀನು ದಲ್ಲಾಳಿ ಈ ಪದ ಕಟ್ಟಿದ. 1916ರಲ್ಲಿ ಅಮೆರಿಕದ ದಲ್ಲಾಳಿಗಳ ರಾಷ್ಟ್ರೀಯ ಸಂಘ ಅದನ್ನು ಒಪ್ಪಿಕೊಂಡಿತು. ಸಂಘದ ಸದಸ್ಯ ಮಾತ್ರ ರಿಯಲ್ಟರ್, ಉಳಿದವರು ಬರೀ ದಲ್ಲಾಳಿ. 1922ರಲ್ಲೇ ಸಿಂಕ್ಲೇರ್ ಲೂಯಿಸ್ ‘ಬ್ಯಾಬಿಟ್’ ಕಾದಂಬರಿಯಲ್ಲಿ ಈ ಬಿರುದಿನ ಗತ್ತನ್ನು ಗೇಲಿ ಮಾಡಿದ. 1949–50ರಲ್ಲಿ ಅದು ನೋಂದಾಯಿತ ಟ್ರೇಡ್‌ಮಾರ್ಕ್ ಆಯಿತು. ಇದು ಸಾಮಾನ್ಯ ಪದವಾಗಿಬಿಟ್ಟಿದೆ, ನೋಂದಣಿ ರದ್ದು ಮಾಡಿ ಅಂತ ಹಾಕಿದ ಅರ್ಜಿಯೂ 2004ರಲ್ಲಿ ಬಿದ್ದುಹೋಯಿತು.

ಬಿರುದಿಗೆ ಬಾಗಿಲು ಹಾಕಿದರೆ ಒಳಗೆ ಯಾರು, ಹೊರಗೆ ಯಾರು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ ಸಂಘದ 1924ರ ನೀತಿಸಂಹಿತೆಯಲ್ಲಿ, ಯಾವ ಜನಾಂಗದವರು ಬಂದರೆ ಆಸ್ತಿಯ ಬೆಲೆ ಇಳಿಯುತ್ತದೋ ಅಂಥವರನ್ನು ಬಡಾವಣೆಗೆ ತರಬಾರದು ಅನ್ನುವ ಕಲಮು ಇತ್ತು. ಕಪ್ಪು ಜನರ ದಲ್ಲಾಳಿಗಳನ್ನು ದೂರ ಇಟ್ಟದ್ದರಿಂದ ಅವರು 1947ರಲ್ಲಿ ತಮ್ಮದೇ ಸಂಘ ಕಟ್ಟಿ ‘ರಿಯಲ್ಟಿಸ್ಟ್’ ಎಂಬ ಬೇರೆ ಬಿರುದು ಮಾಡಿಕೊಂಡರು. ಶಾನುಭೋಗಿಕೆ ಜಾತಿ, ಮನೆತನಗಳ ಒಳಗೇ ಉಳಿದುಕೊಂಡದ್ದನ್ನು ಬಲ್ಲ ನಮಗೆ ಇದು ಹೊಸದಾಗಿ ಕಾಣುವುದಿಲ್ಲ.

ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆ ಬೇರೆ ದಾರಿ ಹಿಡಿಯಿತು. ಏಜೆಂಟ್ ತನ್ನನ್ನು ಏನೆಂದು ಬೇಕಾದರೂ ಕರೆದುಕೊಳ್ಳಲಿ, ನೋಂದಾಯಿಸಿಕೊಂಡು ಸಂಖ್ಯೆ ಪಡೆಯಬೇಕು. ತಾನು ಮಾಡಿಸಿಕೊಡುವ ಪ್ರತಿ ಮಾರಾಟದಲ್ಲೂ ಆ ಸಂಖ್ಯೆ ನಮೂದಿಸಬೇಕು. ಹೆಸರಿಗಿಂತ ಸಂಖ್ಯೆ ನೀರಸ, ಒಪ್ಪುತ್ತೇನೆ. ಆದರೆ ಅದನ್ನು ಪ್ರಾಧಿಕಾರದ ದಾಖಲೆಯ ಪಕ್ಕ ಇಟ್ಟು ತಾಳೆ ನೋಡಬಹುದು, ಗೋಡೆಯ ಮೇಲಿನ ಕೋಲಿಗೆ ನಿಮ್ಮ ಕೋಲು ಹಿಡಿದ ಹಾಗೆ. ಬೋರ್ಡಿನ ಮೇಲಿರುವ ‘ರಿಯಲ್ಟರ್ಸ್’ಗಿಂತ ಕೆಳಗಿನ ಸಣ್ಣ ಅಕ್ಷರದ ಸಂಖ್ಯೆಯನ್ನು ಓದಿ ಅಂತ ಸೈಟು ಕೊಳ್ಳುವ ಸ್ನೇಹಿತರಿಗೆ ನಾನು ಹೇಳುವುದು ಇದಕ್ಕೇ.

ಮತ್ತೆ ನಮ್ಮ ಕೆಲಸಕ್ಕೆ. ಅಪ್ರಕಟಿತ ದಾನಶಾಸನ ಓದುವಾಗ ಭೂಮಿಯ ಪ್ರಮಾಣದ ಜೊತೆಗೆ ಗಳೆಯ ಹೆಸರನ್ನು ಪ್ರತ್ಯೇಕವಾಗಿ ಗುರುತು ಮಾಡಿಕೊಳ್ಳಿ. ಒಂದು ಸೀಮೆಯ ನಲವತ್ತು ಐವತ್ತು ಶಾಸನಗಳಲ್ಲಿ ಹೀಗೆ ಮಾಡಿದರೆ ಯಾವ ಕೋಲು ಯಾವ ಊರಿನ ತನಕ ಓಡಾಡಿತ್ತು ಅನ್ನುವ ನಕ್ಷೆಯನ್ನೇ ಬರೆಯಬಹುದು. ಅಕ್ಷರವಿಲ್ಲದ ಮುದ್ರೆಕಲ್ಲು ಕಂಡರೆ ಫೋಟೋ ಒಂದೇ ಸಾಲದು. ಮುದ್ರೆ ಯಾವ ದಿಕ್ಕಿಗೆ ಮುಖ ಮಾಡಿದೆ, ಪಕ್ಕದಲ್ಲಿ ಹಳ್ಳ, ದಿಬ್ಬ, ಹಳೆಯ ಮರ ಏನಿದೆ, ಸರ್ವೆ ನಂಬರ್ ಎಷ್ಟು, ಜಿಪಿಎಸ್ ನೆಲೆ ಎಲ್ಲಿ ಅನ್ನುವುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಆ ಹೊಲದ ಉಳಿದ ಮೂರು ಮೂಲೆಗೂ ಹೋಗಿ ಬನ್ನಿ, ಜೊತೆಯ ಕಲ್ಲುಗಳು ಅಲ್ಲೇ ಎಲ್ಲೋ ಬೇಲಿಯೊಳಗೆ ಇರುತ್ತವೆ.